ಕೈಬೆರಳ ಸಂಧಿನೋವು ಮತ್ತು ಹಿತ್ತಲಿನ ಕೆಲಸ

ಹಿತ್ತಲಿನಲ್ಲಿ ಮಲ್ಲಿಗೆ, ಕನಕಾಂಬರ, ಕರಿಬೇವು ಬೆಳೆಸಿಕೊಂಡಿದ್ದ, ಎಪ್ಪತ್ತರ ಸಮೀಪದ ತಾಯಿಯೊಬ್ಬರು ಹೆಬ್ಬೆರಳ ಬುಡ ನೋಯುತ್ತದೆಂದು ನನ್ನಲ್ಲಿಗೆ ಬಂದಿದ್ದರು. ತೈಲ, ಕಷಾಯಗಳನ್ನು ಬರೆದುಕೊಟ್ಟು, ಇನ್ನು ಕುರ್ಪಿ ಮುಟ್ಟಬೇಡಿರೆಂದೆ. ಆರು ತಿಂಗಳ ಬಳಿಕ ಬಂದಾಗ ನೋವು ಕೊಂಚ ತಗ್ಗಿತ್ತು. ಆದರೆ ತುಂಬಿದ ಚೊಂಬನ್ನು ಎತ್ತುವ ಬಲವೂ ಕುಗ್ಗಿತ್ತು, ಮುಖವೂ ಬಾಡಿತ್ತು. ನನ್ನ ಸಲಹೆಯಲ್ಲಿ ಅರ್ಧ ತಪ್ಪಿತ್ತೆಂದು ಅಂದು ತಿಳಿಯಿತು. ಬದಲಾಗಬೇಕಿದ್ದುದು ಕುರ್ಪಿಯ ಹಿಡಿ.

ತೆಳುವಾದ ಹಿಡಿಯನ್ನು ಹಿಡಿಯಲು ಬೆರಳುಗಳು ಪೂರ್ಣ ಮಡಚಿ ಬಿಗಿಯಬೇಕಾಗುತ್ತದೆ. ಬೆರಳ ತುದಿಗಳಿಂದ ಚಿವುಟಿ ಹಿಡಿದಾಗಲಂತೂ ತುದಿಯಲ್ಲಿ ಹಾಕಿದ ಬಲದ ಹಲವು ಪಟ್ಟು ಒತ್ತಡ ಹೆಬ್ಬೆರಳ ಬುಡದ ಸಂಧಿಯ ಮೇಲೆ ಬೀಳುತ್ತದೆ. ಹಿಡಿಯು 3–4 ಸೆಂಟಿಮೀಟರ್ ದಪ್ಪವಿದ್ದರೆ ಅಂಗೈ ಆ ಭಾರವನ್ನು ಹಂಚಿಕೊಳ್ಳುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಡ. ಹಳೆಯ ಹತ್ತಿಬಟ್ಟೆಯನ್ನು ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿದರಾಯಿತು, ಒದ್ದೆಗೈಯಿಂದಲೂ ಜಾರದು. ಆ ತಾಯಿಗೆ ಮೊಮ್ಮಗನೇ ಒಂದು ಸಂಜೆ ಕುಳಿತು ಮಾಡಿಕೊಟ್ಟ. ಅಲಗು ಹರಿತವಾಗಿರಲಿ, ಅಲಗು ಮೊಂಡಾದಷ್ಟೂ ಕೈ ಹೆಚ್ಚು ದಣಿಯುತ್ತದೆ.

ಗಿಡ ಸವರಲು ಸ್ಪ್ರಿಂಗ್ ಇರುವ ಕತ್ತರಿ ಒಳ್ಳೆಯದು, ಪ್ರತಿ ಸಲವೂ ತಾನೇ ತೆರೆದುಕೊಳ್ಳುತ್ತದೆ. ಕೊಂಬೆ ದಪ್ಪವಿದ್ದರೆ ರ್‍ಯಾಚೆಟ್ ಕತ್ತರಿಯು ಹಂತಹಂತವಾಗಿ ಕತ್ತರಿಸುವುದರಿಂದ ಒಂದೇ ಬಾರಿಗೆ ಬಲ ಹಾಕಬೇಕಿಲ್ಲ. 10 ಲೀಟರ್ ನೀರೆಂದರೆ 10 ಕಿಲೋ ಭಾರ. ಅದನ್ನು ಒಂದೇ ಕೈಯಲ್ಲಿ ಹೊರುವ ಹಟವನ್ನು ನಮ್ಮ ಹಿರಿಯರು ಏಕೋ ಬಿಡುವುದಿಲ್ಲ! 2 ಲೀಟರಿನ ಪಾತ್ರೆಯನ್ನು ಎರಡೂ ಕೈಗಳಿಂದ ಹಿಡಿದು ನಾಲ್ಕು ಸಲ ಹೆಚ್ಚು ನಡೆದರೆ ಕಾಲಿಗೂ ಹಿತ. ಕಳೆ ಕೀಳುವ ಹಿಂದಿನ ಸಂಜೆ ನೆಲವನ್ನು ನೆನೆಸಿಟ್ಟರೆ ಬೇರು ಸಲೀಸಾಗಿ ಬರುತ್ತದೆ.

ಮುಂಜಾನೆ ಬೆರಳುಗಳು ಬಿಗಿತುಕೊಂಡು, ಅರ್ಧ ಗಂಟೆಯೊಳಗೆ ಸಡಿಲವಾಗುವುದು ಸಾಮಾನ್ಯವಾಗಿ ಸವೆತದ ಸಂಧಿವಾತದ ಲಕ್ಷಣ. ಅಂಥವರು ಉಗುರುಬೆಚ್ಚಗಿನ ಎಳ್ಳೆಣ್ಣೆ ಸವರಿ, ಬಿಸಿನೀರಿನಲ್ಲಿ ಕೈ ಅದ್ದಿಕೊಂಡು, ಬಿಗಿತ ಕಳೆದ ಮೇಲೆ ಹಿತ್ತಲಿಗೆ ಇಳಿಯಬಹುದು. ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಿಸಬೇಕು. ಬಿಗಿತ ಒಂದು ಗಂಟೆಗೂ ಮೀರಿ ಉಳಿದು, ಎರಡೂ ಕೈಗಳ ಗಂಟುಗಳು ಊದಿ ಬಿಸಿಯಾಗಿದ್ದರೆ ಆಮವಾತವನ್ನು ಶಂಕಿಸಬೇಕು. ಆಮವಿರುವಾಗ ಎಣ್ಣೆ ತಿಕ್ಕಿದರೆ ನೋವು ಉಲ್ಬಣಿಸುತ್ತದೆ. ಇದನ್ನರಿಯದೆ ತೈಲ ತಿಕ್ಕಿಕೊಂಡು ಬರುವವರನ್ನು ಇಂದಿಗೂ ಕಾಣುತ್ತೇನೆ. ಅಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು. ಊತ ಇಳಿಯುವವರೆಗೆ ಕುರ್ಪಿ ಗೋಡೆಯ ಮೊಳೆಯಲ್ಲೇ ಇರಲಿ.