ಕೆಲಸ ಕೊಡ್ತೀವಿ ಅಂದವರು ಕೈಕೊಟ್ಟರೆ: ಫ್ರೀಲ್ಯಾನ್ಸ್‌ಗೆ ಇಳಿದ ಅಣ್ಣನ ಮಗಳಿಗೆ ಕಿವಿಮಾತು

ಸಂಬಳದ ಕೆಲಸ ಬಿಟ್ಟು ಸ್ವಂತವಾಗಿ ಅನುವಾದ ಮಾಡ್ತೀನಿ ಅಂತ ಹೊರಟಿದ್ದೀಯ. ಒಳ್ಳೆಯದಾಗಲಿ ಮಗಳೇ. ಮಾಡಿದ ಕೆಲಸಕ್ಕೆ ದುಡ್ಡು ತಡವಾಗುವ ಕಷ್ಟ ಎಲ್ಲರಿಗೂ ಗೊತ್ತು, ಅದರ ಬಗ್ಗೆ ನಿನಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳಬೇಕೆಂದಿರುವುದು ಶುರುವಾಗದೇ ಹೋಗುವ ಕೆಲಸದ ಬಗ್ಗೆ. "ಎರಡು ತಿಂಗಳು ಫ್ರೀ ಇಟ್ಕೊಳ್ಳಿ, ದೊಡ್ಡ ಪ್ರಾಜೆಕ್ಟ್ ಬರ್ತಿದೆ" ಅನ್ನುತ್ತಾರೆ. ನೀನು ಬೇರೆಯವರಿಗೆಲ್ಲ ಆಗಲ್ಲ ಅಂದುಬಿಟ್ಟ ಮೇಲೆ "ಸದ್ಯಕ್ಕೆ ಹೋಲ್ಡ್‌ನಲ್ಲಿದೆ" ಅಂತ ಒಂದು ಮೆಸೇಜ್ ಬರುತ್ತದೆ. ನಮ್ಮವರು ಹೆಚ್ಚಾಗಿ ಹಣೆಬರಹ ಅಂತ ಸುಮ್ಮನಾಗುತ್ತಾರೆ. ನೀನು ಸುಮ್ಮನಾಗಬೇಡ.

• ಬಾಯಿಮಾತಿನ ಕರಾರೂ ಕರಾರೇ. ನೀನು ಮಾಡುವಂಥ ಕೆಲಸಕ್ಕೆ ಛಾಪಾ ಕಾಗದ ಇರಲೇಬೇಕು ಅಂತ 1872ರ ಭಾರತೀಯ ಕರಾರು ಕಾಯ್ದೆ ಎಲ್ಲೂ ಹೇಳುವುದಿಲ್ಲ. ಇ-ಮೇಲ್, ವಾಟ್ಸಾಪ್‌ನಲ್ಲಿ ಆದ ಒಪ್ಪಂದಕ್ಕೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನ ಬಲವಿದೆ. ಟ್ರೈಮೆಕ್ಸ್ ಮತ್ತು ವೇದಾಂತ ನಡುವಿನ ಬಾಕ್ಸೈಟ್ ವ್ಯವಹಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನೇ ಹೇಳಿತು: ಇ-ಮೇಲ್‌ಗಳಲ್ಲಿ ಮುಖ್ಯ ಷರತ್ತುಗಳಿಗೆಲ್ಲ ಒಪ್ಪಿಗೆಯಾಗಿದ್ದರೆ, ಔಪಚಾರಿಕ ಪತ್ರಕ್ಕೆ ಸಹಿ ಬೀಳದಿದ್ದರೂ ಕರಾರು ಆದಂತೆಯೇ.

• ಹಾಗಂತ ಎಲ್ಲ ಮಾತಿಗೂ ಈ ತೂಕ ಬರುವುದಿಲ್ಲ. "ನಿಮಗೆ ತುಂಬಾ ಕೆಲಸ ಕೊಡ್ತೀವಿ" ಅನ್ನುವುದು ಕರಾರು ಕಾಯ್ದೆಯ ಕಲಂ 29ರ ಪ್ರಕಾರ ಅಸ್ಪಷ್ಟ ಮಾತು, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪ್ಯಾನೆಲ್‌ಗೆ ಸೇರಿಸಿಕೊಂಡರೆ, ರೇಟ್ ನಿಗದಿ ಮಾಡಿದರೆ ಕೆಲಸ ಸಿಕ್ಕಿತು ಅಂತ ಲೆಕ್ಕ ಹಾಕಬೇಡ. ಇಷ್ಟು ಕೆಲಸ ಖಂಡಿತ ಕೊಡುತ್ತೇವೆ ಅನ್ನುವ ಮಾತು ಅದರಲ್ಲಿ ಇದೆಯೇ ನೋಡು.

• ಅವರು ಕೇಳಿದ ಮೇಲೆ ಒಪ್ಪಿಗೆ ತಡ ಮಾಡಬೇಡ. ನೀನು ಒಪ್ಪುವವರೆಗೆ ಅವರು ಹಿಂದೆಗೆಯಬಹುದು, ಕಲಂ 5 ಅವರಿಗೆ ಆ ಹಕ್ಕು ಕೊಟ್ಟಿದೆ.

• ಫೋನಿನಲ್ಲಿ ಮಾತಾಯಿತೇ? ಫೋನ್ ಇಟ್ಟ ಕೂಡಲೇ ಬರೆದು ಕಳಿಸು. ಇಡೀ ಪಟ್ಟಿಯಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ. ಹೀಗಿದ್ದರೆ ಸಾಕು: "ನಮಸ್ಕಾರ ಸರ್. ಈಗ ಮಾತಾಡಿದ ಪ್ರಕಾರ 60,000 ಪದಗಳ ಅನುವಾದ, ಪದಕ್ಕೆ 1.50 ರೂ., ಜೂನ್ 10ಕ್ಕೆ ಫೈಲ್ ಕೊಡ್ತೀರಿ, ಆಗಸ್ಟ್ 10ಕ್ಕೆ ನಾನು ಮುಗಿಸಿ ಕೊಡ್ತೀನಿ. ಇದಕ್ಕಾಗಿ ಆ ಎರಡು ತಿಂಗಳು ಬೇರೆ ಕೆಲಸ ಒಪ್ಪಿಕೊಳ್ತಿಲ್ಲ. ಸರಿ ಇದೆಯೇ ತಿಳಿಸಿ." ಅವರು "ಓಕೆ" ಅಂದರೆ ಕೆಲಸದ ಅಳತೆ, ದರ, ದಿನಾಂಕ ಮೂರೂ ಅವರ ಒಪ್ಪಿಗೆಯೊಂದಿಗೆ ನಿನ್ನ ಕೈಯಲ್ಲಿವೆ. ಬೇರೆ ಕೆಲಸ ಬಿಡುತ್ತಿದ್ದೀಯ ಅನ್ನುವ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡ. ನಿನಗಾಗುವ ನಷ್ಟ ಅವರಿಗೆ ಮೊದಲೇ ಗೊತ್ತಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಇಂಥ ಮೆಸೇಜ್ ಕಳಿಸಿದರೆ ತಪ್ಪು ತಿಳ್ಕೋತಾರೇನೋ ಅಂತ ಹಿಂಜರಿಯಬೇಡ. ಕೆಲಸ ಕೊಡುವ ಮನಸ್ಸು ನಿಜವಾಗಿ ಇದ್ದವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

• ಮುದ್ರಿತ ಅಗ್ರಿಮೆಂಟ್ ಕಳಿಸಿದರೆ ಮೊದಲು ರದ್ದತಿಯ ಷರತ್ತು ಓದು. "ಕಾರಣ ಕೊಡದೆ ಯಾವಾಗ ಬೇಕಾದರೂ ರದ್ದು ಮಾಡಬಹುದು" ಅಂತ ಇದ್ದು ನೀನು ಸಹಿ ಹಾಕಿದರೆ, ಆಮೇಲೆ ಹೋರಾಡಲು ಹೆಚ್ಚೇನೂ ಉಳಿಯುವುದಿಲ್ಲ. ಅಲ್ಲಿ ಒಂದು ಸಾಲು ಸೇರಿಸಲು ಕೇಳು: ಶುರುವಾಗುವ ಮುಂಚೆ ರದ್ದಾದರೆ ಒಟ್ಟು ಮೊತ್ತದ ಇಂತಿಷ್ಟು ಭಾಗ ರದ್ದತಿ ಶುಲ್ಕ. ಕಲಂ 74ರ ಪ್ರಕಾರ ಬರೆದ ಮೊತ್ತವೇ ಗರಿಷ್ಠ ಮಿತಿ, ಅದರೊಳಗೆ ನ್ಯಾಯವೆನಿಸಿದಷ್ಟನ್ನು ಕೋರ್ಟ್ ಕೊಡಿಸುತ್ತದೆ. ಅದಕ್ಕೆ ಬಾಯಿಗೆ ಬಂದ ಮೊತ್ತ ಹಾಕಬೇಡ. ಹೊರದೇಶದ ಗಿರಾಕಿಯಾದರೆ ಮುಂಗಡ ಬಾರದೆ ದಿನಗಳನ್ನು ಮೀಸಲಿಡಬೇಡ, ಅಲ್ಲಿಗೆ ಹೋಗಿ ಕೇಸು ನಡೆಸುವುದು ನಮ್ಮಿಂದ ಆಗುವ ಮಾತಲ್ಲ.

• ಕೈಕೊಟ್ಟರು ಅಂತಿಟ್ಟುಕೋ. ಎಷ್ಟು ಕೇಳಬಹುದು? ಕಲಂ 73ರ ಪ್ರಕಾರ, ಮಾತು ತಪ್ಪಿದ್ದರಿಂದ ಸಹಜವಾಗಿ ಆದ ನಷ್ಟವನ್ನು ಕೇಳಬಹುದು. ಮೇಲಿನ ಲೆಕ್ಕವನ್ನೇ ಹಿಡಿ: ಕೆಲಸ ನಡೆದಿದ್ದರೆ 90,000 ರೂ. ಬರುತ್ತಿತ್ತು. ಅದರಲ್ಲಿ ಪ್ರೂಫ್ ನೋಡುವವರಿಗೆ 10,000 ಹೋಗುತ್ತಿತ್ತು, ಅದು ಉಳಿಯಿತು. ಆ ಎರಡು ತಿಂಗಳಲ್ಲಿ ಹುಡುಕಿಕೊಂಡು ಮಾಡಿದ ಬೇರೆ ಕೆಲಸದಿಂದ 30,000 ಬಂತು. ಎರಡನ್ನೂ ಕಳೆದು ಉಳಿದ 50,000 ನಿನ್ನ ನಷ್ಟ. ಮನಸ್ಸಿಗಾದ ನೋವನ್ನು ಇದರಲ್ಲಿ ಸೇರಿಸಬೇಡ.

• ಬೇರೆ ಕೆಲಸ ಹುಡುಕದೆ ಕೈಕಟ್ಟಿ ಕೂತರೆ ನಿನ್ನ ಕೇಸೇ ದುರ್ಬಲವಾಗುತ್ತದೆ. ನಷ್ಟ ತಗ್ಗಿಸಲು ಏನು ದಾರಿ ಇತ್ತು ಅಂತ ಕಾನೂನು ನೋಡುತ್ತದೆ. ಯಾರ್‍ಯಾರಿಗೆ ಕೆಲಸ ಕೇಳಿ ಬರೆದೆ ಅನ್ನುವುದನ್ನೂ ಎತ್ತಿಡು. ಅವರು ಖಡಾಖಂಡಿತವಾಗಿ "ಕೊಡಲ್ಲ" ಅಂದರೆ ಜೂನ್ 10ರವರೆಗೆ ಕಾಯಬೇಕಾಗಿಲ್ಲ. ಕಲಂ 39ರ ಪ್ರಕಾರ ಅಂದೇ ಕರಾರು ಮುಗಿಸಿ ಪರಿಹಾರ ಕೇಳಬಹುದು.

• ಸ್ವಲ್ಪ ಕೆಲಸ ಮಾಡಿಕೊಟ್ಟ ಮೇಲೆ ನಿಲ್ಲಿಸಿದರೆ ಆ ಭಾಗಕ್ಕೆ ಇನ್ವಾಯ್ಸ್ ಕಳಿಸು. ಅದಕ್ಕೇ ಉದ್ಯಮ್ ನೋಂದಣಿಯನ್ನು ಈಗಲೇ ಮಾಡಿಸಿಕೋ, ಪೂರ್ತಿ ಉಚಿತ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಗಿರಾಕಿ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ಶುರುವೇ ಆಗದ ಕೆಲಸಕ್ಕೆ ಈ ದಾರಿ ಇಲ್ಲ, ಅದು ನೆನಪಿರಲಿ.

• ಸ್ಯಾಂಪಲ್ ಅಂತ ಹತ್ತು ಪುಟ ಮಾಡಿಸಿಕೊಂಡು, ಕೆಲಸ ಇಲ್ಲ ಅಂದು, ಆಮೇಲೆ ಅದೇ ಪುಟಗಳನ್ನು ಅಚ್ಚು ಹಾಕಿದರೆ ಬಿಡಬೇಡ. ನಿನ್ನ ಅನುವಾದದ ಹಕ್ಕು ನಿನ್ನದು. ಸಹಿ ಹಾಕಿದ ಬರಹದ ಮೂಲಕವಲ್ಲದೆ ಹಕ್ಕುಸ್ವಾಮ್ಯ ವರ್ಗವಾಗುವುದಿಲ್ಲ ಅಂತ 1957ರ ಕಾಯ್ದೆ ಹೇಳುತ್ತದೆ. ಫೋಟೋಗ್ರಾಫರ್ ಗೆಳೆಯರಿಗೆ ನಿಯಮ ಬೇರೆ: ದುಡ್ಡು ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು.

• ಎಲ್ಲಿಗೆ ಹೋಗಬೇಕು ಅನ್ನುವುದರಲ್ಲಿ ಅಲೆದಾಟ ಬೇಡ. ನೀನು ಅವರ ನೌಕರಳಲ್ಲ, ಹಾಗಾಗಿ ಲೇಬರ್ ಆಫೀಸಿನಲ್ಲಿ ಆಗುವುದಿಲ್ಲ. ಗ್ರಾಹಕಳೂ ಅಲ್ಲ, ಗ್ರಾಹಕರ ಆಯೋಗಕ್ಕೂ ಇದು ಬರುವುದಿಲ್ಲ. ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಲಾಗದಿದ್ದರೆ ಪೊಲೀಸರೂ ಸಿವಿಲ್ ವ್ಯಾಜ್ಯ ಅನ್ನುತ್ತಾರೆ. ನಮ್ಮ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾನೂನು ಆ್ಯಪ್‌ಗಳ ಮೂಲಕ ದುಡಿಯುವವರನ್ನು ಕಣ್ಣಲ್ಲಿಟ್ಟುಕೊಂಡು ಬಂದದ್ದು. ಮೊದಲು ಒಂದು ಪುಟದ ಪತ್ರ ಬರೆ: ಒಪ್ಪಿದ್ದೇನು, ನಡೆದದ್ದೇನು, ನಷ್ಟ ಎಷ್ಟು, 15 ದಿನದೊಳಗೆ ಕೊಡಿ. ಸಿಟ್ಟಿನ ಮಾತು ಒಂದೂ ಬೇಡ. ಇ-ಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ ರಸೀದಿ ಇಟ್ಟುಕೋ. ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಕೇಸು ಹಾಕುವ ಮುಂಚೆಯೇ ಲೋಕ ಅದಾಲತ್‌ನಲ್ಲಿ ರಾಜಿಗೂ ಯತ್ನಿಸಬಹುದು. ಸಹಾಯವಾಣಿ 15100.

• ಕೆಲಸ ಕೊಡಲು ನಿನ್ನಿಂದಲೇ ನೋಂದಣಿ ಶುಲ್ಕ, ಡಿಪಾಸಿಟ್ ಕೇಳಿದರೆ ಅದು ವಂಚನೆ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡು.

• ಕೇಸು ಹಾಕಲು ಮಾತು ತಪ್ಪಿದ ದಿನದಿಂದ 3 ವರ್ಷ ಕಾಲಾವಕಾಶ ಇದೆ. ಅಲ್ಲಿಯವರೆಗೆ ಆ ಚಾಟ್ ಅಳಿಸಬೇಡ, ಬರೀ ಸ್ಕ್ರೀನ್‌ಶಾಟ್ ನಂಬಿ ಕೂರಬೇಡ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗುತ್ತದೆ, ಮೂಲ ಫೋನ್ ಇದ್ದರೆ ಅದು ಸಲೀಸು. ಹೊಸ ಫೋನ್ ತಗೊಂಡರೂ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡ.