ಸಂಗೀತ ಕಾರ್ಯಕ್ರಮದ ನಿರ್ವಹಣೆ ಮತ್ತು ನಾಯಕತ್ವದ ಶೈಲಿಗಳು

ನಮ್ಮ ಸದಸ್ಯರಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ಸಂಗೀತ ಕಾರ್ಯಕ್ರಮವೊಂದರ ಹೊಣೆ ಹೊರಬೇಕಾಗುತ್ತದೆ. ಗಣೇಶೋತ್ಸವ, ಜಾತ್ರೆ, ಶಾಲೆಯ ಸಹಾಯಾರ್ಥ ಪ್ರದರ್ಶನ, ಸಂಘದ ವಾರ್ಷಿಕೋತ್ಸವ, ಹೀಗೆ ನಿಮಿತ್ತ ಯಾವುದೇ ಇರಲಿ, ಹೆಚ್ಚು ದೇಣಿಗೆ ಕೊಟ್ಟವರೇ ಸಮಿತಿಯ ಅಧ್ಯಕ್ಷರಾಗುವುದು ರೂಢಿ. ದಾಲ್‌ಮಿಲ್ ನಡೆಸುವವರಿಗೆ ಒಂದು ಸಂಜೆಯ ಗಾಯನ ಯಾವ ಲೆಕ್ಕ ಎಂಬ ಧೈರ್ಯವೂ ಅವರಲ್ಲಿರುತ್ತದೆ. ಆದರೆ ಮಾರಾಟವಾಗದ ತೊಗರಿಬೇಳೆ ವರ್ಷಾಂತ್ಯದ ದಾಸ್ತಾನಿನಲ್ಲಿ ಸೇರುತ್ತದೆ. ಖಾಲಿ ಉಳಿದ ಕುರ್ಚಿ ಸೇರುವುದಿಲ್ಲ. ಸಂಗೀತವೆಂಬ ಸರಕು ತಯಾರಾದ ಗಳಿಗೆಯಲ್ಲೇ ಖರ್ಚಾಗುವಂಥದ್ದು.

ನಾಯಕತ್ವದ ಶೈಲಿಗಳ ಕುರಿತು ಇಂದಿಗೂ ಉಲ್ಲೇಖಗೊಳ್ಳುವ ಅಧ್ಯಯನವನ್ನು ಕರ್ಟ್ ಲೆವಿನ್ ಮತ್ತು ಅವರ ಸಂಗಡಿಗರಾದ ಲಿಪಿಟ್, ವೈಟ್ ಅಮೆರಿಕದಲ್ಲಿ ನಡೆಸಿ, 1939ರಲ್ಲಿ ಪ್ರಕಟಿಸಿದರು. ಹತ್ತು ವರ್ಷದ ಬಾಲಕರ ತಂಡಗಳಿಗೆ ಮೂರು ಬಗೆಯ ನಾಯಕರನ್ನು ಕೊಡಲಾಗಿತ್ತು. ಒಬ್ಬರು ಆಜ್ಞೆ ಮಾಡುವವರು, ಒಬ್ಬರು ಸಮಾಲೋಚಿಸುವವರು, ಮತ್ತೊಬ್ಬರು ಎಲ್ಲವನ್ನೂ ತಂಡಕ್ಕೇ ಬಿಟ್ಟು ಸುಮ್ಮನಿರುವವರು. ಆಜ್ಞೆ ಮಾಡುವ ನಾಯಕ ಕೋಣೆಯಿಂದ ಹೊರನಡೆದರೆ ಆ ತಂಡದ ಕೆಲಸ ಕುಸಿಯುತ್ತಿತ್ತು. ಸಮಾಲೋಚಿಸುವ ನಾಯಕ ಹೊರಹೋದರೂ ಕೆಲಸ ಸಾಗುತ್ತಿತ್ತು. ಅಂಗಡಿ ಬಿಟ್ಟು ಎರಡು ದಿನ ಊರಿಗೆ ಹೋಗಿ ಬಂದ ವ್ಯಾಪಾರಿಗೆ ಇದರ ವಿವರಣೆ ಬೇಕಿಲ್ಲ.

ಹಾಗೆಂದು ಸಮಾಲೋಚನೆಯೇ ಸರ್ವತ್ರ ಯೋಗ್ಯವೆಂದು ತಿಳಿಯಬಾರದು. ನಾನು ಹಲವು ಸಮಿತಿಗಳ ಲೆಕ್ಕಪತ್ರ ನೋಡಿದ್ದೇನೆ. ಸಭೆ ಕರೆಯಬೇಕಾದಲ್ಲಿ ನಾವು ಆಜ್ಞೆ ಮಾಡುತ್ತೇವೆ. ಆಜ್ಞೆ ಮಾಡಬೇಕಾದಲ್ಲಿ ಸಭೆ ಕರೆಯುತ್ತೇವೆ. ಬಹುತೇಕ ನಷ್ಟಗಳ ಮೂಲ ಇದು.

ಸಿದ್ಧತೆಯ ಹಂತವೇ ಸಮಾಲೋಚನೆಯ ಕಾಲ. ಬಂದೇ ನವಾಜ್ ದರ್ಗಾದ ಉರುಸು, ಶರಣಬಸವೇಶ್ವರರ ಜಾತ್ರೆ ಎರಡನ್ನೂ ಕಂಡ ಕಲಬುರಗಿಯ ಶ್ರೋತೃಗಳು ಕವ್ವಾಲಿಯನ್ನೂ ಬಲ್ಲರು, ವಚನ ಗಾಯನವನ್ನೂ ಬಲ್ಲರು. ಅವರ ಅಭಿರುಚಿ ಅಧ್ಯಕ್ಷರೊಬ್ಬರಿಗೇ ಗೊತ್ತಿರುವುದು ಅಸಾಧ್ಯ. ಧ್ವನಿವರ್ಧಕದವರು, ವಿದ್ಯುತ್ ಕೆಲಸದವರು, ಪೊಲೀಸ್ ಠಾಣೆಯವರು, ವಾಹನ ನಿಲುಗಡೆ ನೋಡುವ ಹುಡುಗರು, ಎಲ್ಲರನ್ನೂ ಒಮ್ಮೆ ಕೂರಿಸಿ ಕೇಳಬೇಕು. ಆಗ ರಾತ್ರಿ 10ರ ವಿಷಯ ತಾನಾಗಿಯೇ ಮೇಲೆ ಬರುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಸರಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಡಾ. ಎಸ್.ಎಂ. ಪಂಡಿತ್ ರಂಗಮಂದಿರದಂಥ ಮುಚ್ಚಿದ ಸಭಾಂಗಣಕ್ಕೆ ಈ ಅಡ್ಡಿಯಿಲ್ಲ. ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಯಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವವೇ ಅಹೋರಾತ್ರಿಯ ಪದ್ಧತಿಯನ್ನು ಬಿಟ್ಟು ಈ ಗಡಿಯಾರಕ್ಕೆ ಹೊಂದಿಕೊಂಡಿತು. ನಮ್ಮ ಸಮಿತಿಗಳಾದರೋ 6 ಗಂಟೆಯ ಕಾರ್ಯಕ್ರಮವನ್ನು ಏಳೂಕಾಲಿಗೆ ಆರಂಭಿಸಿ, ದಾನಿಗಳ ಸನ್ಮಾನಕ್ಕೆ ಮುಕ್ಕಾಲು ಗಂಟೆ ಕಳೆದು, ಕೊನೆಗೆ ಗಾಯಕರಿಗೆ ಅವಸರ ಮಾಡುತ್ತವೆ.

ಕಲಾವಿದರ ವಿಷಯದಲ್ಲಿ ಬಿಟ್ಟುಕೊಡುವ ಶೈಲಿಯೇ ಸರಿ. ಯಾವ ರಾಗ, ಎಷ್ಟು ಹೊತ್ತು, ಯಾವ ಕ್ರಮ ಎಂಬುದು ಅವರಿಗೆ ಸೇರಿದ್ದು. ಕಾಲಮಿತಿ ಮತ್ತು ಸಂಭಾವನೆಯನ್ನು ಮೊದಲೇ ಲಿಖಿತದಲ್ಲಿ ನಿಗದಿಪಡಿಸಿದ ಮೇಲೆ ಅಧ್ಯಕ್ಷರು ವೇದಿಕೆಗೆ ಚೀಟಿ ಕಳಿಸಬಾರದು.

ಇನ್ನು ಆಜ್ಞೆಯ ಸ್ಥಾನ. ಕೆಲವು ವರ್ಷಗಳ ಹಿಂದೆ ಕಮಲಾಪುರದ ಬಯಲಿನಲ್ಲಿ ನಡೆದ ಒಂದು ಗಾಯನ ಸಂಜೆಗೆ ನಾನು ಖಜಾಂಚಿಯಾಗಿದ್ದೆ. ಕೆಂಪು ಬಾಳೆಯ ಆ ಊರಿನ ಸುತ್ತಲ ಹಳ್ಳಿಗಳಿಂದ ಜನ ಎಣಿಕೆ ಮೀರಿ ಬಂದಿದ್ದರು. ಎಂಟರ ಸುಮಾರಿಗೆ ಗಾಳಿ ಎದ್ದು ಮಳೆ ಹನಿಯಿತು. ಜನರೇಟರಿನ ತಂತಿ ಒದ್ದೆ ಜಮಖಾನೆಯ ಮೇಲೆ ಬಿದ್ದಿತ್ತು. ವಿದ್ಯುತ್ ಕೆಲಸದ ಹುಡುಗ ಬಂದು, "ಬಂದ್ ಮಾಡ್ಲೇನ್ರಿ?" ಎಂದು ಕೇಳಿದ. ನಾವು ಏಳು ಮಂದಿ ಪದಾಧಿಕಾರಿಗಳು ಮುಖಮುಖ ನೋಡಿಕೊಂಡೆವು. ಅಧ್ಯಕ್ಷರು ಅತಿಥಿಗಳ ಜೊತೆ ಊಟಕ್ಕೆ ಹೋಗಿದ್ದರು. ಕಾರ್ಯಕ್ರಮ ನಿಂತರೆ ಮುಂಗಡ ಹೋಗುತ್ತದೆಂದು ಒಬ್ಬರು, ಮಳೆ ನಿಲ್ಲಬಹುದೆಂದು ಇನ್ನೊಬ್ಬರು. ಮುಂಗಡದ ಮಾತೆತ್ತಿದವನು ನಾನೇ. ಇಪ್ಪತ್ತು ನಿಮಿಷ ಚರ್ಚಿಸಿದೆವು. ಅಷ್ಟು ಹೊತ್ತೂ ಮಕ್ಕಳು ಆ ಜಮಖಾನೆಯ ಮೇಲೆ ಕುಳಿತೇ ಇದ್ದರು. ಯಾರಿಗೂ ಏನೂ ಆಗಲಿಲ್ಲ. ಅದಕ್ಕೆ ನಮ್ಮ ನಿರ್ವಹಣೆ ಕಾರಣವಲ್ಲ.

ಆಗುವುದೇನೆಂಬುದನ್ನು ಕೊಚ್ಚಿನ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ 2023ರ ನವೆಂಬರ್ 25ರಂದು ಕಂಡೆವು. ಸಂಗೀತ ಸಂಜೆಯ ಹೊತ್ತಿಗೆ ಮಳೆ ಬಂದು, ಹೊರಗಿದ್ದವರು ಒಮ್ಮೆಲೇ ಒಳನುಗ್ಗಿದಾಗ ಪ್ರವೇಶದ್ವಾರದ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಾಗಿ ನಾಲ್ವರು ಅಸುನೀಗಿದರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತದ್ದು ಕ್ರಿಕೆಟ್ ವಿಜಯೋತ್ಸವದಲ್ಲಿ. ಆದರೂ ದ್ವಾರದ ಬಳಿಯ ಜನಸಂದಣಿ ಎಲ್ಲೆಡೆ ಒಂದೇ ಬಗೆಯದು. ಅಂಥ ಗಳಿಗೆಯಲ್ಲಿ ಸಭೆ ಸೇರಿಸಲು ಸಮಯವಿರುವುದಿಲ್ಲ.

ಕಮಲಾಪುರದ ಅನುಭವದ ನಂತರ ನಾವು ಮಾಡಿಕೊಂಡ ಏರ್ಪಾಡು ಸರಳವಾದದ್ದು. ದ್ವಾರಕ್ಕೆ ಒಬ್ಬರು, ವಿದ್ಯುತ್ತಿಗೆ ಒಬ್ಬರು, ಇಡೀ ಕಾರ್ಯಕ್ರಮ ನಿಲ್ಲಿಸಲು ಒಬ್ಬರು ಎಂದು ಹೆಸರು ಬರೆದು, ಅಧ್ಯಕ್ಷರ ಸಹಿ ಪಡೆದು, ನಡಾವಳಿ ಪುಸ್ತಕದಲ್ಲಿ ಸೇರಿಸುತ್ತೇವೆ. ಆ ಮೂವರ ಮಾತನ್ನು ಆ ರಾತ್ರಿ ಅಧ್ಯಕ್ಷರೂ ಮೀರುವಂತಿಲ್ಲ. ಹಣಕ್ಕೂ ಇದೇ ಬಗೆ. ಒಬ್ಬ ಕಾರ್ಯಕರ್ತನಿಗೆ ನಿಗದಿತ ಮೊತ್ತದವರೆಗೆ ಕೇಳದೆ ಖರ್ಚು ಮಾಡುವ ಅಧಿಕಾರ, ಮರುದಿನ ರಸೀದಿ. ಟಿಕೆಟ್ ದರ ಮಾತ್ರ ಮೊದಲ ಸಭೆಯಲ್ಲೇ ತೀರ್ಮಾನವಾಗಬೇಕು. ತಲಾ 500 ರೂ. ಮೀರದ ಸಂಗೀತ ಕಾರ್ಯಕ್ರಮದ ಪ್ರವೇಶಕ್ಕೆ ಜಿಎಸ್‌ಟಿ ವಿನಾಯಿತಿ ಇದೆ.

ಮರುವರ್ಷವೂ ಅದೇ ಹುಡುಗನನ್ನೇ ಕರೆಸಿದೆವು. ವಿದ್ಯುತ್ತಿನ ಹೆಸರಿನ ಎದುರು ಅವನ ಹೆಸರನ್ನೇ ಬರೆಯಲಾಗಿತ್ತು. ಒಂದು ಹನಿ ಬಿದ್ದೊಡನೆ ಯಾರನ್ನೂ ಕೇಳದೆ ಸ್ವಿಚ್ ತೆಗೆದ. ಹತ್ತು ನಿಮಿಷದಲ್ಲಿ ಮೋಡ ಚದುರಿತು. ಅಧ್ಯಕ್ಷರು ಗೊಣಗಿದರು. ಹುಡುಗನಿಗೆ ಪೂರ್ತಿ ಕೂಲಿ ಕೊಟ್ಟ ವೋಚರಿಗೆ ಸಹಿಯನ್ನೂ ಮಾಡಿದರು.