ಹಸೆ ಗೋಡೆಯೂ ಭಿತ್ತಿಪತ್ರವೂ

ಶಿರಸಿ, ಸಿದ್ದಾಪುರ ಸೀಮೆಯ ದೀವರ ಮನೆಗಳಲ್ಲಿ ಮದುವೆಯ ಕಾಲಕ್ಕೆ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದು ಹಿಂದಿನಿಂದ ಬಂದ ಪದ್ಧತಿ. ಕೆಮ್ಮಣ್ಣು ಬಳಿದ ಗೋಡೆ. ಅದರ ಮೇಲೆ ಚೌಕ, ತ್ರಿಕೋಣ, ಓರೆಗೆರೆಗಳ ಬಿಳಿಯ ಹೆಣಿಗೆ. ಇದನ್ನು ಕಂಡವರಿಗೆ ಇಪ್ಪತ್ತನೆಯ ಶತಮಾನದ ಆದಿಯ ಯೂರೋಪಿನ ಅಮೂರ್ತ ಚಿತ್ರಗಳು ನೆನಪಾಗುವುದು ಸಹಜ. ಈ ಹೋಲಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ.

ಯೂರೋಪಿನ ಬೀದಿಗಳ ಭಿತ್ತಿಪತ್ರಗಳು ಆಗ ಹೆಚ್ಚಾಗಿ ಕಲ್ಲಚ್ಚಿನಲ್ಲಿ ಸಿದ್ಧವಾಗುತ್ತಿದ್ದವು. ಜಿಡ್ಡು ಮತ್ತು ನೀರು ಒಂದನ್ನೊಂದು ಕೂಡಲಾರವೆಂಬುದೇ ಈ ಮುದ್ರಣದ ತತ್ತ್ವ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲನ್ನು ಹದಗೊಳಿಸಿ ನೀರಿನಿಂದ ತೋಯಿಸಿದರೆ, ಅಚ್ಚಿನ ಮಸಿಯು ಬರೆದ ಭಾಗಕ್ಕೆ ಮಾತ್ರ ಅಂಟುತ್ತದೆ. ಒಂದೊಂದು ಬಣ್ಣಕ್ಕೂ ಸಾಮಾನ್ಯವಾಗಿ ಒಂದೊಂದು ಕಲ್ಲು ಬೇಕು. ಆದುದರಿಂದ ಬಣ್ಣಗಳು ಮಿತವಾಗಿದ್ದಷ್ಟೂ ವೆಚ್ಚ ಕಡಿಮೆ. ದಾರಿಹೋಕನಿಗೆ ಒಂದೇ ನೋಟದಲ್ಲಿ ವಿಷಯ ತಿಳಿಯಬೇಕೆಂಬ ಅಗತ್ಯವೂ ಇದರೊಡನೆ ಸೇರಿತು. 1906ರ ಸುಮಾರಿಗೆ ಲೂಸಿಯನ್ ಬರ್ನ್‌ಹಾರ್ಡನು ಪ್ರೀಸ್ಟರ್ ಬೆಂಕಿಕಡ್ಡಿಗಾಗಿ ರಚಿಸಿದ ಭಿತ್ತಿಪತ್ರದಲ್ಲಿ ಎರಡು ಕಡ್ಡಿ, ಒಂದು ಹೆಸರು, ಇಷ್ಟೇ. 1915ರಲ್ಲಿ ಮಾಲೆವಿಚ್ ವಸ್ತುಚಿತ್ರಣವನ್ನೇ ತೊರೆದು, ಬಿಳಿಯ ನೆಲದ ಮೇಲೆ ಕಪ್ಪು ಚೌಕವೊಂದನ್ನು ಪ್ರದರ್ಶಿಸಿದನು. ರಷ್ಯದ ಅಂತರ್ಯುದ್ಧದಲ್ಲಿ ಲಿಸ್ಸಿಟ್‌ಸ್ಕಿಯು ಅಂಥ ಆಕಾರಗಳಿಗೆ ಅರ್ಥವನ್ನು ಕೂಡಿಸಿದನು: ಅವನ ಭಿತ್ತಿಪತ್ರದಲ್ಲಿ ಬಿಳಿಯ ವೃತ್ತವನ್ನು ಸೀಳುವ ಕೆಂಪು ತ್ರಿಕೋಣವೇ ಕ್ರಾಂತಿಪಕ್ಷ.

ಚಿತ್ತಾರದಲ್ಲಿಯೂ ಸಾಮಗ್ರಿಯ ಮಿತಿಯೇ ರೂಪವನ್ನು ತಿದ್ದಿದೆ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಹುರಿದು ಕರಿಕುಮಾಡಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ, ಮಣ್ಣಿನಿಂದ ಕೆಂಪು. ಕುಂಚವು ಪುಂಡಿ ನಾರಿನದು. ಅಕ್ಕಿಯ ಪಿಷ್ಟವು ಒಣಗಿ ಬಿಳಿಯನ್ನು ಗೋಡೆಗೆ ಹಿಡಿಸುತ್ತದೆ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದಾದುದರಿಂದ ಬೆಳಕಿಗೆ ಸುಲಭವಾಗಿ ಮಾಸುವುದಿಲ್ಲ; ಸಸ್ಯಗಳ ಹಳದಿಯಾದರೋ ಸಾಮಾನ್ಯವಾಗಿ ಬೇಗ ಮಂಕಾಗುತ್ತದೆ.

ಇಷ್ಟು ಸಾಮ್ಯವಿದ್ದರೂ ಮುಖ್ಯವಾದ ಭೇದವೊಂದುಂಟು. ಮಾಲೆವಿಚ್ಚನ ಚೌಕವು ಯಾವ ವಸ್ತುವಿನ ಚಿತ್ರವೂ ಅಲ್ಲ. ಚಿತ್ತಾರದ ಆಕಾರಗಳಿಗಾದರೋ ಹೆಸರುಗಳುಂಟು: ಇದು ಬಾಸಿಂಗ, ಇದು ದಂಡಿಗೆ, ಇವರು ಮದುಮಕ್ಕಳು. ಬರೆಯುವವಳೂ ನೋಡುವವರೂ ಆ ಹೆಸರುಗಳನ್ನು ಬಲ್ಲವರು. ಈ ದೃಷ್ಟಿಯಿಂದ ಹಸೆ ಗೋಡೆಯು ಅಮೂರ್ತ ಚಿತ್ರಕ್ಕಿಂತಲೂ ಭಿತ್ತಿಪತ್ರಕ್ಕೇ ಹತ್ತಿರ. ಅದು ಈ ಮನೆಯಲ್ಲಿ ಮದುವೆಯೆಂದು ಸಾರುತ್ತದೆ.

ಈಗ ಮಣ್ಣಿನ ಗೋಡೆಗಳ ಸ್ಥಾನಕ್ಕೆ ಸಿಮೆಂಟಿನ ಗೋಡೆಗಳು ಬಂದಿವೆ. ಚಿತ್ತಾರವು ಕಾಗದಕ್ಕೂ ಬಟ್ಟೆಗೂ ಏರಿದೆ. ಗೆರೆಗಳನ್ನು ಯಾರಾದರೂ ನಕಲು ಮಾಡಬಹುದು, ಹೆಸರುಗಳು ನಕಲಿನಲ್ಲಿ ಬಾರವು. ಆದುದರಿಂದ ಚಿತ್ತಾರವನ್ನು ಸಂಗ್ರಹಿಸುವವರು ಪ್ರತಿಯೊಂದು ಆಕಾರದ ಹೆಸರನ್ನೂ ಬರೆದವಳಿಂದಲೇ ಕೇಳಿ ಬರೆದಿಡಬೇಕು. ಹೆಸರು ಅಳಿದ ಮೇಲೆ ಬಾಸಿಂಗವೂ ಬರಿಯ ತ್ರಿಕೋಣವಾಗಿ ಉಳಿಯುತ್ತದೆ.